ಸತ್ಯಂನ 200 ಷೇರು: ಕಂಪನಿ ಕೈಬದಲಾದಾಗ ಬದಿಯಡ್ಕದ ಮಾಷ್ಟ್ರಿಗೆ ಆದದ್ದು

ಸತ್ಯಂ ಅನ್ನುವ ಐಟಿ ಕಂಪನಿಯ ಸುಳ್ಳು ಲೆಕ್ಕದ ಹಗರಣ 2009ರಲ್ಲಿ ಬಯಲಾಯಿತಲ್ಲ, ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಏನು ಮಾಡಿದರು, ಆಡಿಟರು ಏನನ್ನು ನೋಡಲಿಲ್ಲ, ಸರ್ಕಾರ ನೂರು ದಿನದೊಳಗೆ ಹೇಗೆ ಹೊಸ ಯಜಮಾನನನ್ನು ಹುಡುಕಿತು, ಎಲ್ಲ ಬಂದಿದೆ. ಎಲ್ಲ ಬರಹಗಳೂ ಮುಗಿಯುವುದು ಒಂದೇ ಕಡೆ: ಇನ್ನೊಂದು ಐಟಿ ಕಂಪನಿ ಟೆಕ್ ಮಹೀಂದ್ರಾ ಬಂದು ಕೊಂಡಿತು, ಐವತ್ತು ಸಾವಿರದ ಆಸುಪಾಸು ಜನರ ಕೆಲಸ ಉಳಿಯಿತು, ಶುಭಂ. ಅದು ಸುಳ್ಳಲ್ಲ. ಆದರೆ ಆ ನೂರು ದಿನ ಮತ್ತು ಅದರ ನಂತರದ ನಾಲ್ಕು ವರ್ಷ, 200 ಷೇರು ಇಟ್ಟುಕೊಂಡವರಿಗೆ ಹೇಗಿತ್ತು ಅಂತ ಯಾರೂ ಲೆಕ್ಕ ಹಾಕಿದ್ದನ್ನು ನಾನು ಓದಿಲ್ಲ. ನಾನು ಕಾಸರಗೋಡಿನ ಬದಿಯಡ್ಕದ ಕಡೆ ತೆರಿಗೆ ರಿಟರ್ನು, ಷೇರು ಇಡುವ ಡಿಮ್ಯಾಟ್ ಖಾತೆಯ ಫಾರ್ಮು ತುಂಬಿಕೊಡುವವನು. ಅಂಥ ಒಬ್ಬರ ಫೈಲು ಪೂರ್ತಿ ನನ್ನ ಹತ್ತಿರ ಇದೆ. ಹೆಸರು ಬೇಡ ಅಂದಿದ್ದಾರೆ. ಊರಿಗೆಲ್ಲ ಅವರು ಮಾಷ್ಟ್ರು, ಇಲ್ಲಿಯೂ ಹಾಗೇ ಇರಲಿ.

ಮಾಷ್ಟ್ರು ಕನ್ನಡ ಮಾಧ್ಯಮದ ಅನುದಾನಿತ ಶಾಲೆಯಲ್ಲಿ ಹೆಡ್ಮಾಷ್ಟ್ರಾಗಿ ರಿಟೈರಾದವರು. ಸಣ್ಣ ಅಡಿಕೆ ತೋಟ ಉಂಟು, ಪಿಂಚಣಿ ಉಂಟು. 2008ರಲ್ಲಿ ಪಿಎಫ್ ದುಡ್ಡಿನ ಒಂದು ಪಾಲು ತೆಗೆದು ಸತ್ಯಂ ಕಂಪ್ಯೂಟರ್ಸ್‌ನ 200 ಷೇರು ಕೊಂಡರು, 450ರ ಆಸುಪಾಸಿನಲ್ಲಿ. ಹತ್ತಿರ ಹತ್ತಿರ 90 ಸಾವಿರ. ಬೇಕಾಬಿಟ್ಟಿ ಕೊಂಡದ್ದಲ್ಲ. ದೇಶದ ದೊಡ್ಡ ಐಟಿ ಕಂಪನಿಗಳಲ್ಲಿ ಒಂದು, ನ್ಯೂಯಾರ್ಕ್ ಷೇರುಪೇಟೆಯಲ್ಲೂ ಇತ್ತು, ಆಡಿಟ್ ಮಾಡುತ್ತಿದ್ದದ್ದು ಪ್ರೈಸ್ ವಾಟರ್‌ಹೌಸ್. ಕೊಂಡ ಕೆಲವೇ ತಿಂಗಳಲ್ಲಿ ಉತ್ತಮ ಆಡಳಿತಕ್ಕೆ ಅಂತ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬೇರೆ ಬಂತು. ಆಮೇಲೆ ಅದನ್ನು ವಾಪಸ್ ಪಡೆದರು ಅನ್ನಿ.

2008ರ ಡಿಸೆಂಬರ್ 16ಕ್ಕೆ ಮೊದಲ ಪೆಟ್ಟು. ರಾಜು ಕುಟುಂಬದ್ದೇ ಆದ ಮೇಟಾಸ್‌ನ ಎರಡು ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಸತ್ಯಂ ಕೊಳ್ಳುತ್ತದೆ ಅಂತ ಘೋಷಣೆ. ಸಾಫ್ಟ್‌ವೇರ್ ಕಂಪನಿಗೆ ಜಾಗ, ಕಟ್ಟಡ, ರಸ್ತೆಯ ವ್ಯವಹಾರ ಯಾಕೆ ಅಂತ ದೊಡ್ಡ ಹೂಡಿಕೆದಾರರು ಗಲಾಟೆ ಎಬ್ಬಿಸಿದರು, ಒಂದೇ ರಾತ್ರಿಯೊಳಗೆ ಅದು ವಾಪಸ್ ಆಯಿತು. ಗಮನಿಸಿ, ಷೇರುದಾರರ ಮಾತಿಗೆ ಕಂಪನಿ ಬಗ್ಗಿದ್ದು ಇದೊಂದೇ ಸಲ. ಬಗ್ಗಿಸಿದವರು ಫಂಡುಗಳು. ಮಾಷ್ಟ್ರಿಗೆ ವಿಷಯ ಗೊತ್ತಾದದ್ದು ಮರುದಿನದ ಪೇಪರಿನಲ್ಲಿ, ಅಷ್ಟೊತ್ತಿಗೆ ಎಲ್ಲ ಮುಗಿದಿತ್ತು.

2009ರ ಜನವರಿ 7ರಂದು ರಾಜು ಪತ್ರ ಬರೆದು ಒಪ್ಪಿಕೊಂಡರು. ಬ್ಯಾಂಕಿನಲ್ಲಿ ಇದೆ ಅಂತ ತೋರಿಸಿದ್ದ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಹಿಂದಿನ ದಿನ 179 ರೂಪಾಯಿ ಇದ್ದ ಷೇರು ಸಂಜೆಗೆ 40. ಮರುದಿನ ಮೊಹರಂ ರಜೆ, ಪೇಟೆ ಬಂದ್. 9ನೇ ತಾರೀಕು ಬಾಗಿಲು ತೆರೆದಾಗ ಇನ್ನೂ ಜಾರಿ ದಿನದ ಕೊನೆಗೆ 24ರ ಹತ್ತಿರ ನಿಂತಿತು. 90 ಸಾವಿರ ಹೋಗಿ ಐದು ಸಾವಿರಕ್ಕಿಂತ ಕಡಿಮೆ. ಕಾಸರಗೋಡು ಪೇಟೆಯಲ್ಲಿದ್ದ ಬ್ರೋಕರ್ ಆಫೀಸಿನ ಫೋನು ಇಡೀ ದಿನ ಎಂಗೇಜ್. ಆ ಬೆಲೆಗೆ ಮಾರಿ ಎಂತ ಮಾಡುವುದು ಅಂತ ಮಾಷ್ಟ್ರು ಸುಮ್ಮನಾದರು.

ಇಲ್ಲಿಗೆ ಹಗರಣದ ಕಥೆ ಸಾಕು. ನನಗೆ ಮುಖ್ಯ ಅನ್ನಿಸುವುದು ಇದರ ನಂತರದ್ದು. ಮೋಸ ಮಾಡಿದವರು ಜೈಲಿಗೆ ಹೋದ ಮೇಲೆ, ಪ್ರಾಮಾಣಿಕರು ಬಂದು ಕಂಪನಿ ರಿಪೇರಿ ಮಾಡುವಾಗಲೂ, ಪ್ರತಿ ಹಂತದಲ್ಲಿ ಬಿಲ್ಲು ಬಂದದ್ದು ಯಾರ ಮನೆಗೆ?

ಬೆಲೆ ಕಟ್ಟಿದ್ದು ಹೇಗೆ

ಜನವರಿ 11ಕ್ಕೆ ಸರ್ಕಾರ ಹಳೇ ಬೋರ್ಡನ್ನು ಕಿತ್ತುಹಾಕಿ ಕಿರಣ್ ಕಾರ್ನಿಕ್, ದೀಪಕ್ ಪಾರೇಖ್, ಸಿ. ಅಚ್ಯುತನ್ ಅವರನ್ನು ಕೂರಿಸಿತು. ಆಮೇಲೆ ಇನ್ನೂ ಮೂವರು ಸೇರಿದರು. ಒಳ್ಳೆಯ ಜನ, ಒಳ್ಳೆಯ ಕೆಲಸ, ಅದರಲ್ಲಿ ನನಗೆ ತಕರಾರಿಲ್ಲ. ಸಂಬಳಕ್ಕೂ ದುಡ್ಡಿಲ್ಲದ ಕಂಪನಿಗೆ ಕೊಳ್ಳುವವರನ್ನು ಹುಡುಕಬೇಕಿತ್ತು. ಆದರೆ ಒಂದು ಕಾನೂನು ಅಡ್ಡ ಬಂತು.

ಆಗ ಜಾರಿಯಲ್ಲಿದ್ದದ್ದು 1997ರ ಸ್ವಾಧೀನ ನಿಯಮ. ಯಾರಾದರೂ ಒಂದು ಕಂಪನಿಯ ಶೇ 15 ಷೇರು ಮುಟ್ಟಿದರೆ, ಉಳಿದ ಷೇರುದಾರರಿಂದ ಕನಿಷ್ಠ ಇನ್ನೂ ಶೇ 20 ಕೊಳ್ಳಲು ಓಪನ್ ಆಫರ್ ಕೊಡಬೇಕು. ಬಾಯಿಗೆ ಬಂದ ಬೆಲೆ ಹೇಳುವ ಹಾಗಿಲ್ಲ. ಹಿಂದಿನ 26 ವಾರದ ಸರಾಸರಿ ಎಷ್ಟು, ಹಿಂದಿನ 2 ವಾರದ ಸರಾಸರಿ ಎಷ್ಟು ನೋಡಿ, ಯಾವುದು ಜಾಸ್ತಿಯೋ ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಈ ನಿಯಮ ಇದ್ದದ್ದೇ ಮಾಷ್ಟ್ರಂಥವರಿಗಾಗಿ. ಬೆಲೆ ಬಿದ್ದ ದಿನ ನೋಡಿ ದೊಡ್ಡವರು ಬಂದು ಪುಕ್ಕಟೆ ಎತ್ತಿಕೊಂಡು ಹೋಗಬಾರದು ಅಂತ.

ಸತ್ಯಂ ವಿಷಯದಲ್ಲಿ 26 ವಾರ ಹಿಂದಕ್ಕೆ ಹೋದರೆ ತಪ್ಪೊಪ್ಪಿಗೆಗಿಂತ ಮುಂಚಿನ ಬೆಲೆಯೂ ಸೇರಿಕೊಳ್ಳುತ್ತದೆ. ಸರಾಸರಿ ಮೇಲೆ ಹೋಗುತ್ತದೆ. ಆ ಬೆಲೆಗೆ ಯಾರೂ ಬರುವುದಿಲ್ಲ, ಯಾಕೆಂದರೆ ಆ ಬೆಲೆಯೇ ಸುಳ್ಳು ಲೆಕ್ಕದ ಮೇಲೆ ನಿಂತದ್ದು. ಹಾಗಾಗಿ ಷೇರುಪೇಟೆಯ ನಿಯಂತ್ರಕ ಸೆಬಿ ಫೆಬ್ರವರಿಯಲ್ಲಿ ನಿಯಮಕ್ಕೇ ತಿದ್ದುಪಡಿ ತಂದು, ಸರ್ಕಾರ ಬೋರ್ಡು ಬದಲಿಸಿದ ಕಂಪನಿಗೆ ಈ ಬೆಲೆಯ ಲೆಕ್ಕದಿಂದ ವಿನಾಯಿತಿ ಕೊಡಬಹುದು ಅಂತ ಮಾಡಿತು. ವ್ಯವಹಾರದ ದೃಷ್ಟಿಯಿಂದ ಸರಿಯಾದ ತೀರ್ಮಾನವೇ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆನೋ ಏನೋ. ಆದರೆ ಸಣ್ಣ ಷೇರುದಾರನಿಗೆ ಅಂತ ಇದ್ದ ಒಂದೇ ಬೇಲಿ, ಅದು ಬೇಕಾದ ದಿನವೇ ತೆಗೆದಿಟ್ಟರು ಅನ್ನುವುದನ್ನೂ ಹೇಳಬೇಕಲ್ವಾ? ಅದನ್ನು ಯಾರೂ ಹೇಳಲಿಲ್ಲ.

ಏಪ್ರಿಲ್ 13ಕ್ಕೆ ಬಿಡ್ ತೆರೆದರು. ಟೆಕ್ ಮಹೀಂದ್ರಾ ಷೇರಿಗೆ 58 ರೂಪಾಯಿ. ಎಲ್ ಅಂಡ್ ಟಿ 45 ರೂಪಾಯಿ 90 ಪೈಸೆ. ಅಮೆರಿಕದ ಹೂಡಿಕೆದಾರ ವಿಲ್ಬರ್ ರಾಸ್ 20. ಒಂದೇ ಕಂಪನಿ, ಒಂದೇ ದಿನ, ಒಬ್ಬರಿಗೆ 58 ಇನ್ನೊಬ್ಬರಿಗೆ 20. ಇದರ ಅರ್ಥ ಇಷ್ಟೆ: ಒಳಗೆ ಎಷ್ಟು ಹೊಂಡ ಇದೆ ಅಂತ ಕೊಳ್ಳುವವರಿಗೂ ಸರಿಯಾಗಿ ತಿಳಿದಿರಲಿಲ್ಲ. ತಿದ್ದಿದ ಲೆಕ್ಕಪತ್ರ ಬಂದದ್ದೇ 2010ರ ಸೆಪ್ಟೆಂಬರ್ 29ಕ್ಕೆ. ಅಲ್ಲಿಯವರೆಗೆ ಈ ಕಂಪನಿಯ ನಿಜವಾದ ಲಾಭ ನಷ್ಟ ಏನು ಅಂತ ನೋಡಲು ಮಾಷ್ಟ್ರ ಕೈಯಲ್ಲಿ ಒಂದು ಹಾಳೆಯೂ ಇರಲಿಲ್ಲ.

ಜಗಳದ ಮೂಲ ಒಂದು ಸಹಿ

ಆ ಹೊಂಡಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದದ್ದು ಅಪೈಡ್ (Upaid) ಅನ್ನುವ ಕಂಪನಿಯ ಕೇಸು. ರಾಜು ಹಗರಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದಕ್ಕಿಂತ ಹಳೆಯದು.

ಅಪೈಡ್ ಫೋನ್ ಮೂಲಕ ದುಡ್ಡು ಪಾವತಿಸುವ ತಂತ್ರಜ್ಞಾನದ ಕಂಪನಿ. 1990ರ ದಶಕದ ಕೊನೆಗೆ ಅದಕ್ಕೆ ಸಾಫ್ಟ್‌ವೇರ್ ಬರೆದುಕೊಟ್ಟದ್ದು ಸತ್ಯಂ ಕಡೆಯ ಎಂಜಿನಿಯರುಗಳು. ಅಮೆರಿಕದ ಪೇಟೆಂಟ್ ಕಾನೂನಿನಲ್ಲಿ ಒಂದು ಹೊಸ ಐಡಿಯಾ ಮೊದಲು ಅದನ್ನು ಕಂಡುಹಿಡಿದ ಮನುಷ್ಯನ ಸೊತ್ತು. ಕಂಪನಿಗೆ ಬೇಕಾದರೆ ಅವನು ಬರೆದು, ಸಹಿ ಹಾಕಿ ಬಿಟ್ಟುಕೊಡಬೇಕು. ಜಾಗದ ಹಕ್ಕು ಬಿಟ್ಟುಕೊಡುವ ಕಾಗದ ಇರುತ್ತದಲ್ಲ, ಅಂಥದ್ದೇ. ಎಂಜಿನಿಯರುಗಳ ಸಹಿ ಇರುವ ಕಾಗದ ಸತ್ಯಂ ಕಡೆಯಿಂದ ಅಪೈಡ್‌ಗೆ ಹೋಯಿತು, ಅದನ್ನು ನಂಬಿ ಅಪೈಡ್ ಪೇಟೆಂಟ್ ಇಟ್ಟುಕೊಂಡು ಅಮೆರಿಕದ ದೊಡ್ಡ ದೊಡ್ಡ ಫೋನ್ ಕಂಪನಿಗಳ ಮೇಲೆ ಕೇಸು ಹಾಕಿತು. ಆ ಕೇಸಿನಲ್ಲಿ ಎದುರು ಪಾರ್ಟಿಯವರು ಸಹಿಗಳ ಬುಡಕ್ಕೇ ಕೈ ಹಾಕಿದರು. ಕೆಲವು ಸಹಿ ಅವರದ್ದೇ ಅಲ್ಲ ಅನ್ನುವ ಮಾತು ಬಂತು. ಪೇಟೆಂಟ್ ಅಲ್ಲಾಡಿತು. ಅಪೈಡ್ ತಿರುಗಿ ಸತ್ಯಂ ಮೇಲೆ 2007ರಲ್ಲಿ ಟೆಕ್ಸಾಸ್‌ನಲ್ಲಿ ಕೇಸು ಹಾಕಿ, ಫೋರ್ಜರಿ, ಮೋಸ ಅಂತ ನೂರು ಕೋಟಿ ಡಾಲರಿಗೂ ಜಾಸ್ತಿ ಪರಿಹಾರ ಕೇಳಿತು. ಸತ್ಯಂ ಆರೋಪ ಒಪ್ಪಲಿಲ್ಲ.

ಈಗ ಮಾಷ್ಟ್ರ ಜಾಗದಲ್ಲಿ ನಿಂತು ನೋಡಿ. 2009ರ ಏಪ್ರಿಲ್. ಟೆಕ್ ಮಹೀಂದ್ರಾ ಶೇ 31 ಹೊಸ ಷೇರಿಗೆ ಕೊಡುವುದು 1,757 ಕೋಟಿ ರೂಪಾಯಿ. ಒಂದು ಕೇಸಿನಲ್ಲಿ ಕೇಳಿದ ಪರಿಹಾರ ಅದರ ಎರಡು ಪಟ್ಟಿಗಿಂತ ಜಾಸ್ತಿ. ಷೇರು ಇಟ್ಟುಕೊಳ್ಳುವುದೋ ಮಾರುವುದೋ ಅನ್ನುವ ಪ್ರಶ್ನೆಗೆ ಉತ್ತರ ಹೆಚ್ಚುಕಡಿಮೆ ಈ ಕೇಸಿನ ಮೇಲೆ ನಿಂತಿದೆ. ಬಿಡ್ ಹಾಕುವವರಿಗೆ ವಕೀಲರಿದ್ದಾರೆ, ಕಾಗದ ನೋಡುವ ಅವಕಾಶ ಇದೆ, ಪ್ರಶ್ನೆ ಕೇಳಬಹುದು. ಮಾಷ್ಟ್ರಿಗೆ ಸಿಕ್ಕಿದ್ದು ವಾಣಿಜ್ಯ ಪುಟದ ಮೂಲೆಯ ನಾಲ್ಕು ಸಾಲು. ‘ಈ ಅಪೈಡ್ ಅಂದ್ರೆ ಎಂತ ಮಾರಾಯ?’ ಅಂತ ನನ್ನನ್ನು ಕೇಳಿದರು. ನಾನು ಹೇಳಿದೆ, ಕೇಸು ಸೋತರೆ ಕಂಪನಿಗೆ ಕಷ್ಟ ಮಾಷ್ಟ್ರೆ. ‘ಗೆದ್ದರೆ?’ ಗೆದ್ದರೆ ಏನೂ ಇಲ್ಲ, ವಕೀಲರ ಫೀಸು ಹೋಯಿತು ಅಷ್ಟೆ.

ಆ ವರ್ಷವೇ ಡಿಸೆಂಬರಿನಲ್ಲಿ 7 ಕೋಟಿ ಡಾಲರಿಗೆ ರಾಜಿ ಆಯಿತು. ಅಂದಿನ ದರದಲ್ಲಿ 300 ಕೋಟಿ ರೂಪಾಯಿಗೂ ಮೇಲೆ. ಹೊಸ ಆಡಳಿತಕ್ಕೆ ಇದು ದೊಡ್ಡ ಸಮಾಧಾನ, ಕತ್ತಿನ ಮೇಲಿದ್ದ ಕತ್ತಿ ಹೋಯಿತಲ್ಲ. ಆ 300 ಕೋಟಿ ಎಲ್ಲಿಂದ ಹೋಯಿತು ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ಜೂನ್ ತಿಂಗಳ ಲಕೋಟೆ

ಬಿಡ್ ಗೆದ್ದ ಟೆಕ್ ಮಹೀಂದ್ರಾ ಅದೇ 58 ರೂಪಾಯಿಗೆ ಕೊಟ್ಟ ಓಪನ್ ಆಫರ್ ನಡೆದದ್ದು 2009ರ ಜೂನ್ 12ರಿಂದ ಜುಲೈ 1ರವರೆಗೆ. ನಮ್ಮಲ್ಲಿ ಮಳೆ ಹಿಡಿಯುವ ಸಮಯ. ಬಿಸಿಲು ಕಂಡ ದಿನ ಅಡಿಕೆಗೆ ಬೋರ್ಡೋ ಮದ್ದು ಬಿಡಬೇಕು, ಕೊಳೆರೋಗ ಬಂದರೆ ವರ್ಷದ ಫಸಲು ಹೋಯಿತು. ಆ ಗಡಿಬಿಡಿಯಲ್ಲಿ ಮಾಷ್ಟ್ರಿಗೆ ಒಂದು ದಪ್ಪ ಲಕೋಟೆ ಬಂತು, ಅಂಚು ನೆನೆದು ಒಳಗಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅಷ್ಟೂ ಇಂಗ್ಲಿಷ್. ಮಾಷ್ಟ್ರಿಗೆ ಇಂಗ್ಲಿಷ್ ಬರುತ್ತದೆ, ಆದರೆ ಇದು ವಕೀಲರ ಇಂಗ್ಲಿಷ್.

ಸುದ್ದಿ ತಲುಪುವ ಕ್ರಮ ಹೇಗಿದೆ ನೋಡಿ. ಓಪನ್ ಆಫರಿನ ಪ್ರಕಟಣೆ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಹಿಂದಿ ಪತ್ರಿಕೆ, ಮತ್ತೆ ಕಂಪನಿಯ ನೋಂದಾಯಿತ ಕಚೇರಿ ಇರುವ ಊರಿನ ಮತ್ತು ಷೇರು ಜಾಸ್ತಿ ವಹಿವಾಟಾಗುವ ಪೇಟೆ ಇರುವ ಊರಿನ ಭಾಷೆಯ ಪತ್ರಿಕೆಯಲ್ಲಿ ಬರಬೇಕು ಅಂತ ನಿಯಮ. ಸತ್ಯಂಗೆ ಅದು ಹೈದರಾಬಾದಿನ ತೆಲುಗು, ಮುಂಬಯಿಯ ಮರಾಠಿ. ಷೇರುದಾರ ಎಲ್ಲಿದ್ದಾನೆ ಅನ್ನುವುದು ಲೆಕ್ಕಕ್ಕೇ ಇಲ್ಲ. ಕಾಸರಗೋಡಿನವರಾದ ನಮಗೆ ಇದು ಹೊಸದಲ್ಲ ಬಿಡಿ. ರೇಷನ್ ಕಾರ್ಡಿನಿಂದ ಹಿಡಿದು ಪಿಎಸ್‌ಸಿ ಪರೀಕ್ಷೆಯವರೆಗೆ ಕನ್ನಡದ ಕಾಗದಕ್ಕೆ ಬಾಯಿ ಬಿಟ್ಟು ಕೇಳಿಯೇ ಅಭ್ಯಾಸ.

ಮಾಷ್ಟ್ರು 58ಕ್ಕೆ ಕೊಟ್ಟು ಕೈ ತೊಳೆದುಕೊಳ್ಳೋಣ ಅಂತ ತೀರ್ಮಾನ ಮಾಡಿದರು. ಈಗಿನ ಹಾಗೆ ಷೇರುಪೇಟೆಯ ಮೂಲಕವೇ ಕೊಡುವ ವ್ಯವಸ್ಥೆ ಆಗ ಇರಲಿಲ್ಲ, ಅದು ಬಂದದ್ದು 2015ರಲ್ಲಿ. ಆಗ ಫಾರ್ಮು ತುಂಬಿ ಆಫರಿನ ಕಾಗದಪತ್ರ ನೋಡಿಕೊಳ್ಳುವ ರಿಜಿಸ್ಟ್ರಾರರಿಗೆ ಕಳಿಸಬೇಕು, ಬೇರೆಯಾಗಿ ಡೆಲಿವರಿ ಸ್ಲಿಪ್ ಬರೆದು ಷೇರನ್ನು ಅವರ ಎಸ್ಕ್ರೋ ಖಾತೆಗೆ, ಅಂದರೆ ವ್ಯವಹಾರ ಮುಗಿಯುವವರೆಗೆ ಷೇರು ಇಟ್ಟುಕೊಳ್ಳುವ ಖಾತೆಗೆ, ಹಾಕಬೇಕು. ಸ್ಲಿಪ್ಪಿನಲ್ಲಿ ಹದಿನಾರು ಅಂಕಿಯ ಖಾತೆ ನಂಬರನ್ನು ಒಂದೊಂದು ಚೌಕಕ್ಕೆ ಒಂದೊಂದು ಅಂಕಿ ಕೂರಿಸಿ ಬರೆದರು. ಉತ್ತರ ಪತ್ರಿಕೆ ತಿದ್ದಿದ ಕೈ, ಒಂದು ಅಂಕಿಯೂ ಗೆರೆ ದಾಟಿರಲಿಲ್ಲ. ಕೆಳಗೆ ಸಹಿ ಹಾಕಿದರು, ಜೀವಮಾನ ಇಡೀ ಹಾಕಿದ ಕನ್ನಡ ಸಹಿ.

ಸ್ಲಿಪ್ ವಾಪಸ್ ಬಂತು. ಸಹಿ ಹೊಂದುವುದಿಲ್ಲ. ಖಾತೆ ತೆರೆಯುವಾಗ ಬ್ರೋಕರ್ ಆಫೀಸಿನ ಹುಡುಗ ‘ಇಂಗ್ಲಿಷಲ್ಲಿ ಹಾಕಿ ಮಾಷ್ಟ್ರೆ’ ಅಂದಿದ್ದನಂತೆ, ಹಾಗೆ ಹಾಕಿದ್ದರು, ಮರೆತೂ ಬಿಟ್ಟಿದ್ದರು. ಸರಿಮಾಡಿಸಲು ಪ್ಯಾನ್ ಕಾರ್ಡ್ ಪ್ರತಿ, ಬ್ಯಾಂಕ್ ಮ್ಯಾನೇಜರ ದೃಢೀಕರಣ ಎಲ್ಲ ಬೇಕು ಅಂದರು. ಅದೆಲ್ಲ ಆಗುವಷ್ಟರಲ್ಲಿ ಜುಲೈ 1 ದಾಟಿತ್ತು. ಅತ್ತ ಯಾರದೋ ಸಹಿ ಯಾರೋ ಹಾಕಿದರು ಅನ್ನುವ ಆರೋಪದ ಮೇಲೆ ಇವರ ಕಂಪನಿ ಟೆಕ್ಸಾಸ್‌ನಲ್ಲಿ ಕೇಸು ಆಡುತ್ತಿದೆ, ಇತ್ತ ಇವರ ಸಹಿ ಇವರದ್ದಲ್ಲ ಅಂತ ವಾಪಸ್. ಇದನ್ನು ನಾನು ಕಟ್ಟಿ ಹೇಳಿದ್ದಲ್ಲ, ಆ ಸ್ಲಿಪ್ ಈಗಲೂ ಫೈಲಿನಲ್ಲಿದೆ.

ತಮಾಷೆ ಏನೆಂದರೆ ಸ್ಲಿಪ್ ವಾಪಸ್ ಬಂದದ್ದೇ ಒಳ್ಳೆಯದಾಯಿತು. ಆಫರ್ ನಡೆಯುತ್ತಿದ್ದ ಹೊತ್ತಿಗೆ ಪೇಟೆಯಲ್ಲಿ ಬೆಲೆ 58ಕ್ಕಿಂತ ಮೇಲಿತ್ತು. ತಿಳಿದವರು ಯಾರೂ ಕೊಡಲಿಲ್ಲ, ಆಫರಿಗೆ ಬಂದ ಷೇರು ಲೆಕ್ಕಕ್ಕಿಲ್ಲದಷ್ಟು. ಆಗ ಒಪ್ಪಂದದ ಪ್ರಕಾರ ಕಂಪನಿ ಟೆಕ್ ಮಹೀಂದ್ರಾಕ್ಕೆ ಅದೇ 58ಕ್ಕೆ ಇನ್ನಷ್ಟು ಹೊಸ ಷೇರು ಕೊಟ್ಟಿತು. ಅವರ ಪಾಲು ಶೇ 43ರ ಹತ್ತಿರ ಬಂತು. ಮೊದಲು 67 ಕೋಟಿ ಷೇರು ಇದ್ದ ಕಂಪನಿಯಲ್ಲಿ ಈಗ 117 ಕೋಟಿ. ಮಾಷ್ಟ್ರ 200 ಹಾಗೇ 200, ಆದರೆ ಮೊದಲು ಅದು ನೂರು ಭಾಗ ಅಂತ ಇಟ್ಟುಕೊಂಡರೆ ಈಗ 57. ಹೊಸ ದುಡ್ಡು ಕಂಪನಿಯೊಳಗೆ ಬಂತು ಅನ್ನುವುದು ನಿಜ, ಅದಿಲ್ಲದಿದ್ದರೆ ಕಂಪನಿಯೇ ಇರುತ್ತಿರಲಿಲ್ಲ ಅನ್ನುವುದೂ ನಿಜ. ಆದರೂ 58ಕ್ಕೆ ಹೊಸ ಷೇರು ತೆಗೆದುಕೊಳ್ಳುವ ಅವಕಾಶ ಹಳೇ ಷೇರುದಾರರಿಗೆ ಯಾರೂ ಕೊಡಲಿಲ್ಲ.

ಪರಿಹಾರ ಯಾರಿಗೆ, ದುಡ್ಡು ಯಾರದ್ದು

ಈ ಪ್ರಕರಣದಲ್ಲಿ ನನಗೆ ಇಂದಿಗೂ ಜೀರ್ಣ ಆಗದ ಭಾಗ ಇದು.

ಅಮೆರಿಕದಲ್ಲಿ ಸತ್ಯಂನ ಷೇರುಪತ್ರ ಕೊಂಡಿದ್ದವರು ಎಲ್ಲರೂ ಒಟ್ಟಾಗಿ ಒಂದೇ ಕೇಸು ಹಾಕಿದರು. 2011ರಲ್ಲಿ ಸತ್ಯಂ 12.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಪ್ರೈಸ್ ವಾಟರ್‌ಹೌಸ್ ಕಡೆಯಿಂದ ಬೇರೆ 2.55 ಕೋಟಿ ಡಾಲರ್. ಭಾರತದಲ್ಲಿ? ಹೂಡಿಕೆದಾರರ ಸಂಘವೊಂದು ಲಕ್ಷಗಟ್ಟಲೆ ಜನರ ಪರವಾಗಿ ಐದು ಸಾವಿರ ಕೋಟಿಯ ಹತ್ತಿರ ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋಯಿತು. ಅಲ್ಲಿ ತಗೊಳ್ಳಲಿಲ್ಲ. ಸುಪ್ರೀಂ ಕೋರ್ಟೂ ಕೈಗೆತ್ತಿಕೊಳ್ಳಲಿಲ್ಲ. ಷೇರುದಾರರು ಒಟ್ಟಾಗಿ ಕೇಸು ಹಾಕುವ ದಾರಿಯೇ ನಮ್ಮ ಕಂಪನಿ ಕಾನೂನಿನಲ್ಲಿ ಆಗ ಇರಲಿಲ್ಲ. ಒಬ್ಬೊಬ್ಬರೇ ಸಿವಿಲ್ ಕೋರ್ಟಿಗೆ ಹೋಗಬಹುದಿತ್ತು. 90 ಸಾವಿರಕ್ಕೆ ಹೈದರಾಬಾದಿನಲ್ಲಿ ವಕೀಲರನ್ನು ಇಟ್ಟು ಯಾರು ಹೋಗುತ್ತಾರೆ?

ಹೋಗಲಿ, ಪರಿಹಾರ ಸಿಗಲಿಲ್ಲ ಅನ್ನುವುದು ಒಂದು ಬೇಜಾರು. ಅದಕ್ಕಿಂತ ದೊಡ್ಡದು ಬೇರೆ ಇದೆ. ಆ 12.5 ಕೋಟಿ ಡಾಲರ್ ಕೊಟ್ಟದ್ದು ರಾಜು ಅಲ್ಲ, ಕಂಪನಿ. ಅಪೈಡ್‌ಗೆ 7 ಕೋಟಿ ಡಾಲರ್ ಕೊಟ್ಟದ್ದೂ ಕಂಪನಿಯೇ. ಕಂಪನಿ ಅಂದರೆ ಯಾರು? ಷೇರುದಾರರು. ನಾನು ಒಂದು ದಿನ ಮಾಷ್ಟ್ರ ಎದುರು ಕೂತು ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. ಎರಡೂ ಸೇರಿ ಆಗಿನ ದರದಲ್ಲಿ ಹೆಚ್ಚುಕಡಿಮೆ 890 ಕೋಟಿ ರೂಪಾಯಿ. 117 ಕೋಟಿ ಷೇರಿಗೆ ಹಂಚಿದರೆ ಷೇರಿಗೆ ಏಳೂವರೆ ರೂಪಾಯಿ. 200 ಷೇರಿಗೆ 1,500. ಮೋಸ ಹೋದ ಮಾಷ್ಟ್ರು, ಅದೇ ಮೋಸಕ್ಕೆ ಸಿಕ್ಕಿದ ನ್ಯೂಯಾರ್ಕಿನ ಹೂಡಿಕೆದಾರನಿಗೂ, ಹತ್ತು ವರ್ಷ ಹಿಂದೆ ಯಾರೋ ಹಾಕಿದ ಸಹಿಗೂ ತನ್ನ ಜೇಬಿನಿಂದ 1,500 ರೂಪಾಯಿ ಕೊಟ್ಟರು. ‘ರಶೀದಿ ಕೊಡ್ತಾರಾ?’ ಅಂತ ಕೇಳಿದರು.

ನಷ್ಟವನ್ನು ತೆರಿಗೆಯಲ್ಲಾದರೂ ತೋರಿಸಬಹುದಾ ಅಂದರೆ ಅದೂ ಇಲ್ಲ. ಆಗ ವರ್ಷಕ್ಕಿಂತ ಜಾಸ್ತಿ ಇಟ್ಟ ಷೇರನ್ನು ಪೇಟೆಯಲ್ಲಿ ಮಾರಿದರೆ ಲಾಭಕ್ಕೆ ತೆರಿಗೆ ಇರಲಿಲ್ಲ, ಹಾಗಾಗಿ ನಷ್ಟಕ್ಕೂ ಬೆಲೆ ಇರಲಿಲ್ಲ. 2014ರಲ್ಲಿ ಸೆಬಿ ರಾಜು ಮತ್ತು ಇತರರಿಗೆ 1,849 ಕೋಟಿ ಮತ್ತು ಬಡ್ಡಿ ಕಟ್ಟಿ ಅಂತ ಆದೇಶ ಮಾಡಿತು, ಅದು ಮೇಲ್ಮನವಿಯಲ್ಲಿ ಸುತ್ತು ಹೊಡೆಯಿತು. 2015ರ ಏಪ್ರಿಲಿನಲ್ಲಿ ರಾಜುಗೆ ಏಳು ವರ್ಷ ಶಿಕ್ಷೆ ಆಯಿತು. ಮಾಷ್ಟ್ರು ಪೇಪರಿನಲ್ಲಿ ಓದಿದರು.

ಹದಿನೇಳಕ್ಕೆ ಎರಡು

2013ರ ಜೂನಿನಲ್ಲಿ ಸತ್ಯಂ ಪೂರ್ತಿ ಟೆಕ್ ಮಹೀಂದ್ರಾದೊಳಗೆ ವಿಲೀನ ಆಯಿತು. 17 ಸತ್ಯಂ ಷೇರಿಗೆ 2 ಟೆಕ್ ಮಹೀಂದ್ರಾ. 200ನ್ನು 17ರಿಂದ ಭಾಗಿಸಿ 2ರಿಂದ ಗುಣಿಸಿದರೆ 23.53. ಖಾತೆಗೆ ಬಂದದ್ದು 23, ಉಳಿದ ಅರ್ಧ ಷೇರಿನ ದುಡ್ಡು ಬೇರೆ. ಈ 17ಕ್ಕೆ 2 ಅನ್ನುವುದು ಸರಿಯಾದ ಅನುಪಾತವೇ? ಅದನ್ನು ಹೇಳಲು ನಾನು ಸಾಲುವುದಿಲ್ಲ. ಆದರೆ ಅದನ್ನು ಪ್ರಶ್ನೆ ಮಾಡಬೇಕಿದ್ದರೆ ಸಭೆಗೆ ಹೋಗಬೇಕಿತ್ತು, ಇಲ್ಲವೇ ತನ್ನ ಪರವಾಗಿ ಓಟು ಹಾಕಲು ಬೇರೆಯವರಿಗೆ ಅಧಿಕಾರ ಕೊಡುವ ಪ್ರಾಕ್ಸಿ ಫಾರ್ಮು ಕಳಿಸಬೇಕಿತ್ತು. ಕೊಳ್ಳುವವರ ಕೈಯಲ್ಲೇ ಅಷ್ಟು ದೊಡ್ಡ ಪಾಲು ಇರುವಾಗ 200 ಷೇರಿನ ಪ್ರಾಕ್ಸಿ ಯಾವ ಮೂಲೆಗೆ? ಮಾಷ್ಟ್ರು ಫಾರ್ಮು ತುಂಬಿಸಲೂ ಬರಲಿಲ್ಲ.

2015ರಲ್ಲಿ ಟೆಕ್ ಮಹೀಂದ್ರಾ ಒಂದು ಷೇರಿಗೆ ಇನ್ನೊಂದು ಬೋನಸ್ ಕೊಟ್ಟು, 10 ರೂಪಾಯಿ ಮುಖಬೆಲೆಯ ಷೇರನ್ನು 5ರ ಎರಡಾಗಿ ಒಡೆಯಿತು. 23 ಇದ್ದದ್ದು 92 ಆಯಿತು. ಡಿವಿಡೆಂಡ್ ಬರತೊಡಗಿತು. ಹಾಗಾಗಿ ಮಾಷ್ಟ್ರು ಬೀದಿಗೆ ಬಿದ್ದರು ಅಂತ ನಾನು ಹೇಳುತ್ತಿಲ್ಲ. 2009ರ ಜನವರಿ 9ಕ್ಕೆ ಗಾಬರಿಯಲ್ಲಿ ಮಾರಿದವರ ಗತಿಯೇ ಬೇರೆ. ಅಂಥವರು ನಮ್ಮ ಪೆರ್ಲ, ಮುಳ್ಳೇರಿಯಾ ಕಡೆಯೂ ಇದ್ದರು, ಅವರ ಫೈಲು ನನ್ನ ಹತ್ತಿರ ಬರಲಿಲ್ಲ ಅಷ್ಟೆ.

ಈಗ ಇದೇ ಆದರೆ? ಕಾನೂನು ಬದಲಾಗಿದೆ, ಇಲ್ಲ ಅನ್ನಬಾರದು. 2011ರ ನಿಯಮದ ಪ್ರಕಾರ ಶೇ 25 ಮುಟ್ಟಿದವರು ಇನ್ನೂ ಶೇ 26ಕ್ಕೆ ಆಫರ್ ಕೊಡಬೇಕು. ಪ್ರವರ್ತಕರು, ಅಂದರೆ ಕಂಪನಿ ಕಟ್ಟಿದ ಯಜಮಾನರು, ತಮ್ಮ ಷೇರು ಅಡ ಇಟ್ಟರೆ ಹೇಳಲೇಬೇಕು, ಇದಂತೂ ಸತ್ಯಂ ಆದ ತಿಂಗಳೇ ಬಂತು. ಮನೆಯಲ್ಲೇ ಕೂತು ಓಟು ಹಾಕಬಹುದು. 2013ರ ಕಂಪನಿ ಕಾಯ್ದೆಯ 245ನೇ ಸೆಕ್ಷನ್ ಪ್ರಕಾರ ನೂರು ಷೇರುದಾರರು ಸೇರಿದರೆ ಕಂಪನಿ, ನಿರ್ದೇಶಕರು, ಆಡಿಟರು ಎಲ್ಲರ ಮೇಲೂ ಒಂದೇ ಕೇಸು ಹಾಕಬಹುದು. ಅದು ಜಾರಿಗೆ ಬಂದದ್ದು 2016ರಲ್ಲಿ, ಸತ್ಯಂ ಆಗಿ ಏಳು ವರ್ಷಕ್ಕೆ. ಆದರೆ ಆ ಕೇಸಿನಲ್ಲೂ ಕಂಪನಿಯಿಂದ ದುಡ್ಡು ವಸೂಲಾದರೆ ಅದು ಮತ್ತೆ ಷೇರುದಾರನ ಜೇಬಿನದ್ದೇ. ನಿರ್ದೇಶಕರ ಮತ್ತು ಆಡಿಟರ ಸ್ವಂತ ಕಿಸೆಯಿಂದ ಬಂದರೆ ಮಾತ್ರ ಪರಿಹಾರ ಅನ್ನಬಹುದು. ಮತ್ತೆ ನೂರು ಜನ ಎಲ್ಲಿಂದ? ಬೇರೆ ಬೇರೆ ಊರಿನಲ್ಲಿ ಚೆದುರಿದ ಸಣ್ಣ ಷೇರುದಾರರಿಗೆ ಒಬ್ಬರ ಗುರುತು ಇನ್ನೊಬ್ಬರಿಗೆ ಇರುವುದಿಲ್ಲ.

ಮಾಷ್ಟ್ರು 92ರಲ್ಲಿ ಐವತ್ತು ಮಾರಿ ತೋಟಕ್ಕೆ ಹೊಸ ಪಂಪು ಹಾಕಿಸಿದರು. ಉಳಿದ 42 ಈಗಲೂ ಇವೆ. ಇ-ವೋಟಿಂಗ್ ಮೆಸೇಜು ಬಂದರೆ ಮೊಬೈಲು ಹಿಡಿದು ನನ್ನ ಆಫೀಸಿಗೆ ಬರುತ್ತಾರೆ, ಒಂದೊಂದು ನಿರ್ಣಯವನ್ನೂ ಓದಿ ಹೇಳಿಸಿಕೊಂಡು ಓಟು ಹಾಕುತ್ತಾರೆ. ಯಾವ ಕಂಪನಿಯದ್ದೇ ಆಗಲಿ, ಆಡಿಟರ ನೇಮಕ ಅಂತ ಬಂದಲ್ಲಿ ಮಾತ್ರ ಓದಲು ಬಿಡುವುದಿಲ್ಲ. ‘ಅದಕ್ಕೆ ವಿರುದ್ಧ ಒತ್ತು.’